ನೀಲಗಂಗವ್ವನ ಉಹೂಂ

ಮನೆ ಎಳೆಯಲು ಪೆಟ್ರೋಲ್ ಪಿಕಪ್ ಕೊಳ್ಳುತ್ತೇನೆ ಎಂದು ನಾನು ಹೇಳಿದಾಗ ಊರೆಲ್ಲ ನಕ್ಕಿತು. ನಗಲಿ ಬಿಡಿ. ಹನ್ನೆರಡು ವರ್ಷ ಈ ಏರಿನಲ್ಲಿ ಮನೆಗಳನ್ನು ಎಳೆದವಳು ನಾನು, ನಕ್ಕವರಲ್ಲ. ಯಾವ ಎಂಜಿನ್ನು ಎಲ್ಲಿ ಏದುಸಿರು ಬಿಡುತ್ತದೆ, ಯಾವ ತಿರುವಿನಲ್ಲಿ ಕ್ಲಚ್ಚು ಸುಟ್ಟ ವಾಸನೆ ಬರುತ್ತದೆ ಎಂಬುದು ನನಗೆ ನನ್ನ ಅಡುಗೆಮನೆಯ ಡಬ್ಬಿಗಳಷ್ಟೇ ಚೆನ್ನಾಗಿ ಗೊತ್ತು. ಭಾರ ಎಳೆಯಲು ಡೀಸೆಲ್ಲೇ ಸರಿ ಎಂಬುದೂ ಗೊತ್ತಿತ್ತು. ಗೊತ್ತಿದ್ದೇ ಪೆಟ್ರೋಲ್ ಗಾಡಿ ಕೊಂಡೆ. ಯಾಕೆ ಎಂದು ಹೇಳಬೇಕಾದರೆ ನನ್ನ ಮರ್ಯಾದೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಬೇಕು. ಇಡುತ್ತೇನೆ.

ನಮ್ಮೂರಿನ ಮನೆಗಳಿಗೆಲ್ಲ ಗಾಲಿಗಳಿವೆ. ಆಷಾಢ ಹತ್ತಿರವಾದಂತೆ ಕೆಳಗಿನ ಬಯಲಿನ ನೆಲ ಹದಿನೈದೇ ದಿನಗಳಲ್ಲಿ ಕಲಸಿದ ಹಿಟ್ಟಿನಷ್ಟು ಮೆತ್ತಗಾಗುತ್ತದೆ. ಅಷ್ಟರೊಳಗೆ ಊರು ಐದು ತಿರುವಿನ ಏರು ಹತ್ತಿ ಮೇಲಿನ ಬಯಲು ಸೇರಬೇಕು. ನೆಲ ಗಟ್ಟಿಯಾದ ಮೇಲೆ, ದೀಪಾವಳಿಯ ಹೊತ್ತಿಗೆ, ಮತ್ತೆ ಇಳಿದು ಬರುತ್ತೇವೆ. ಮನೆಯ ತೂಕ ಅದರ ಹಲಗೆ, ತಗಡುಗಳಿಂದ ಬರುವುದಿಲ್ಲ. ಒಳಗಿದ್ದವರಿಗೆ ಬರುವ ಮನಸ್ಸಿದ್ದರೆ ಮನೆ ಹಗುರ, ಇಲ್ಲದಿದ್ದರೆ ಭಾರ. ಒಂದು ವರ್ಷ ಹೊಸದಾಗಿ ಮದುವೆಯಾದವರ ಮನೆಯೊಂದು ಎಷ್ಟು ಹಗುರಾಗಿತ್ತೆಂದರೆ, ಗಾಳಿಗೆ ಅದು ನನ್ನ ಗಾಡಿಯನ್ನೇ ದಾಟಿ ಹೋದೀತೆಂದು ಹಿಂದಿನಿಂದ ಹಗ್ಗ ಹಿಡಿಸಿದ್ದೆ. ಮಾತು ಬಿಟ್ಟ ಅಣ್ಣತಮ್ಮಂದಿರ ಮನೆಯೊಂದಿದೆ. ಅದು ಯಾವಾಗಲೂ ತಮ್ಮನ ಕಡೆಗೆ ವಾಲುತ್ತದೆ, ಆ ಬದಿಯ ಗಾಲಿಗೆ ಎರಡು ಪಾಲು ಗ್ರೀಸು ಬೇಕು. ಇಂಥವನ್ನೆಲ್ಲ ನೋಡಿಕೊಂಡು ಎಳೆಯುವುದೇ ನಮ್ಮ ಕಸುಬು.

ಎಳೆಯುವ ಮೊದಲು ಕೇಳಬೇಕು. ಇದು ಮಾತ್ರ ಕಟ್ಟುನಿಟ್ಟು. ಗಾಡಿಗೂ ಮನೆಗೂ ಕೊಂಡಿ ಹಾಕಿ, ಮೊದಲ ಗೇರಿನಲ್ಲಿ ನಡುವಿನ ಉಕ್ಕಿನ ಕಂಬಿ ಬಿಗಿಯಾಗುವಷ್ಟು ಮಾತ್ರ ಎಳೆದು, ಎಂಜಿನ್ ನಡೆಯುತ್ತಿರುವಾಗಲೇ ಕಿಟಕಿಯಿಂದ ತಲೆ ಹೊರಹಾಕಿ ‘ಬರ್ತೀರೇನ್ರೀ?’ ಎಂದು ಕೂಗಬೇಕು. ಎಳೆತ ಮೈಗೆ ತಾಕಿದ ಮೇಲೆ ಬರುವ ಉತ್ತರವೇ ನಿಜವಾದದ್ದು ಎಂದು ನಮ್ಮ ಹಿರಿಯರ ನಂಬಿಕೆ. ಮುಚ್ಚಿದ ಬಾಗಿಲ ಹಿಂದಿನಿಂದ ಮನೆಯ ಹಿರಿಯರು ಒಂದೇ ಮಾತು ಹೇಳುತ್ತಾರೆ. ಹೂಂ ಎಂದರೆ ಎಳೆಯಬೇಕು. ಉಹೂಂ ಎಂದರೆ ಕೊಂಡಿ ಬಿಚ್ಚಿ ಮುಂದಿನ ಮನೆಗೆ ಹೋಗಿ, ಮರುದಿನ ಬಂದು ಮತ್ತೆ ಕೇಳಬೇಕು. ಉಹೂಂ ಎಂದ ಮನೆಯನ್ನು ಎಳೆದವರು ಜೀವಮಾನದಲ್ಲಿ ಮತ್ತೆ ಕೊಂಡಿ ಮುಟ್ಟುವಂತಿಲ್ಲ.

ಈ ವರ್ಷ ಮೊದಲ ದಿನವೇ ನಾನು ಎಂಟು ಮನೆಗಳನ್ನು ಮೇಲೆ ಸೇರಿಸಿದ್ದೆ. ಒಂದೇ ದಿನಕ್ಕೆ ಹನ್ನೊಂದು ಮನೆ ಎಳೆದವರು ಈವರೆಗೆ ಯಾರೂ ಇಲ್ಲ, ನಾನು ಎಳೆಯಬೇಕು ಎಂಬ ಹುಚ್ಚು ನನಗೆ ಹಿಡಿದಿತ್ತು. ಒಂಬತ್ತನೆಯದು ನೀಲಗಂಗವ್ವನ ಮನೆ. ಆಕೆ ಕೌದಿ ಹೊಲಿಯುವವಳು, ಅರವತ್ತರ ಹತ್ತಿರದವಳು, ಒಂಟಿ. ಒಂದು ಕೋಣೆ, ಒಂದು ಪಡಸಾಲೆ, ಹಿಂದೆ ಕೋಳಿಗೂಡು, ಅಷ್ಟೇ ಮನೆ. ಮಾತು ಕಡಿಮೆ. ಹೇಳಿದ್ದನ್ನು ಎರಡನೆಯ ಸಲ ಹೇಳುವ ಅಭ್ಯಾಸ ಅವಳಿಗಿಲ್ಲ. ನನ್ನ ಹಳೆಯ ಡೀಸೆಲ್ ಗಾಡಿ ದಡದಡ ಎನ್ನುತ್ತಿತ್ತು. ನಾನು ಕೂಗಿ ಕೇಳಿದೆ, ಒಳಗಿಂದ ಉತ್ತರ ಬಂತು, ಎಳೆದೆ.

ಮೊದಲ ತಿರುವಿನಲ್ಲೇ ಮನೆ ಭಾರವೆನಿಸಿತು. ಎರಡನೆಯದರಲ್ಲಿ ಎಂಜಿನ್ನಿನ ಸದ್ದು ಬದಲಾಯಿತು. ಮೂರನೆಯ ತಿರುವಿನಲ್ಲಿ ಮನೆಯ ಮುಂದಿನ ಅಚ್ಚು ಮುರಿಯಿತು, ಅದೇ ಜಗ್ಗಾಟದಲ್ಲಿ ನನ್ನ ಗಾಡಿಯ ಕ್ರ್ಯಾಂಕೂ ಮುರಿದು ಎಣ್ಣೆಯೆಲ್ಲ ರಸ್ತೆಗೆ ಹರಿಯಿತು. ನೀಲಗಂಗವ್ವ ಬಾಗಿಲು ತೆರೆದು, ಸೆರಗಿನಲ್ಲಿ ಏನನ್ನೋ ಮುಚ್ಚಿ ಹಿಡಿದುಕೊಂಡು, ‘ನಾ ಉಹೂಂ ಅಂದಿದ್ದೆ’ ಎಂದಳು. ಸುತ್ತ ಜನ ಸೇರಿದ್ದರು. ‘ಹೂಂ ಅಂದ್ರಿ, ನಾ ಎಳದೆ’ ಎಂದೆ. ಜನ ನನ್ನ ಮುಖ ನೋಡಿದರು, ಅವಳ ಮುಖ ನೋಡಿದರು, ನನ್ನನ್ನು ನಂಬಿದರು. ಹನ್ನೆರಡು ವರ್ಷದಲ್ಲಿ ನಾನು ಒಮ್ಮೆಯೂ ತಪ್ಪಿದವಳಲ್ಲ. ಅವಳು ಇನ್ನೊಂದು ಮಾತಾಡದೆ ಬಾಗಿಲು ಹಾಕಿಕೊಂಡಳು. ಅಂದು ಸಂಜೆಯೊಳಗೆ ಊರು ಅವಳಿಗೆ ಮಾತು ನುಂಗುವವಳು ಎಂದು ಹೆಸರಿಟ್ಟಿತು.

ಏರಿನ ರಸ್ತೆ ಒಂದು ಮನೆಯಷ್ಟೇ ಅಗಲ. ಅಂಚಿನ ಮಣ್ಣಿನ ಮೇಲೆ ಬರಿಯ ಗಾಡಿಗಳೇನೋ ನುಸುಳಿಕೊಂಡು ಹೋಗುತ್ತಿದ್ದವು, ಆದರೆ ಕೆಳಗೆ ಉಳಿದ ನಲವತ್ತು ಮನೆಗಳಿಗೆ ದಾರಿ ಕಟ್ಟಿತು. ಗ್ಯಾರೇಜಿನ ಹುಸೇನಸಾಬ ಬಂದು, ನನ್ನ ಗಾಡಿಯನ್ನು ಪಕ್ಕಕ್ಕೆ ಸರಿಸಿ, ಮರುದಿನ ಸಂಜೆಯೊಳಗೆ ಮನೆಗೆ ಹೊಸ ಅಚ್ಚು ಹಾಕಿಕೊಟ್ಟ. ಊರಿನ ಇನ್ನೊಬ್ಬ ಮನೆ ಎಳೆಯುವವನು ಶಿವಲಿಂಗ. ಅವನದು ನನ್ನದಕ್ಕಿಂತ ದೊಡ್ಡ ಡೀಸೆಲ್ ಗಾಡಿ. ನಾಲ್ಕು ದಿನ ಬೆಳಿಗ್ಗೆ ಸಂಜೆ ಕೊಂಡಿ ಹಾಕಿ ಕೇಳಿದ. ಒಳಗಿಂದ ಹೂಂ ಇಲ್ಲ, ಉಹೂಂ ಕೂಡ ಇಲ್ಲ. ಐದನೆಯ ದಿನ ಹಿರಿಯರ ಒಪ್ಪಿಗೆ ಪಡೆದು ಉತ್ತರವಿಲ್ಲದೆಯೇ ಎಳೆದ. ಮನೆ ಗೇಣುದ್ದವೂ ಸರಿಯಲಿಲ್ಲ, ಅವನ ಕೊಂಡಿಯ ಕೊಕ್ಕೆಯೇ ನೆಟ್ಟಗಾಯಿತು.

ಊರಿನ ಹಿರಿಯರಾದ ರುದ್ರಗೌಡರು ಅಂದೇ ತೀರ್ಮಾನ ಹೇಳಿದರು. ಗುರುವಾರದೊಳಗೆ ಮನೆ ಹೋಗದಿದ್ದರೆ ಹಲಗೆ ಹಲಗೆಯಾಗಿ ಬಿಚ್ಚಿ ರಸ್ತೆಯ ಪಕ್ಕದ ಕಮರಿಗೆ ಉರುಳಿಸುವುದು. ನಲವತ್ತು ಮನೆ ಮುಳುಗಿಸುವುದಕ್ಕಿಂತ ಒಂದು ಮನೆ ಬಿಚ್ಚುವುದು ಲೇಸು ಎಂದು ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಬಿಚ್ಚಿದ ಮನೆ ನಮ್ಮೂರಲ್ಲಿ ಮತ್ತೆ ಕಟ್ಟಿ ನಿಲ್ಲುವುದಿಲ್ಲ, ಕಟ್ಟಿದರೂ ಒಳಗಿದ್ದವರಿಗೆ ಅದು ಮನೆಯಾಗುವುದಿಲ್ಲ. ಮರುದಿನ ಬೆಳಿಗ್ಗೆ ಎದ್ದವಳೇ ನನ್ನ ಗಂಡ ಗುರುಬಸಪ್ಪನಿಗೆ ಹೇಳಿದೆ: ಹೊಸ ಗಾಡಿ ನೋಡಬೇಕು, ಇವತ್ತೇ, ಆ ಮನೆಯನ್ನು ನಾನೇ ಮೇಲೆ ಸೇರಿಸುತ್ತೇನೆ.

ಹುಸೇನಸಾಬನ ಅಂಗಳದಲ್ಲಿ ಎರಡು ಪಿಕಪ್ಪುಗಳಿದ್ದವು. ಒಂದು ಡೀಸೆಲ್, ಕಡುನೀಲಿ ಬಣ್ಣದ್ದು. ಇನ್ನೊಂದು ಪೆಟ್ರೋಲ್, ಬಿಳಿಯದು, ಯಾವುದೋ ಹಾಲಿನ ಡೇರಿಯಲ್ಲಿ ಓಡಾಡಿ ಬಂದದ್ದು. ಬೆಲೆ ಎರಡಕ್ಕೂ ಒಂದೇ ಎಂದು ಅವನು ಮೊದಲೇ ಹೇಳಿಬಿಟ್ಟ, ಹಾಗಾಗಿ ಆ ಮಾತು ಅಲ್ಲಿಗೇ ಮುಗಿಯಿತು. ಗುರುಬಸಪ್ಪ ಡೀಸೆಲ್ಲಿನ ಬಾನೆಟ್ಟು ಎತ್ತಿದವನು ತಲೆಯನ್ನು ಹೊರಗೇ ತೆಗೆಯಲಿಲ್ಲ. ಅವನ ಮಟ್ಟಿಗೆ ವ್ಯಾಪಾರ ಕುದುರಿ ಆಗಿತ್ತು.

ಹುಸೇನಸಾಬ ಎರಡರ ಗುಣವನ್ನೂ ಬಿಡಿಸಿ ಹೇಳಿದ. ಡೀಸೆಲ್ಲು ಆಕ್ಸಿಲರೇಟರ್ ಒತ್ತದಿದ್ದರೂ ಮೊದಲ ಗೇರಿನಲ್ಲಿ ಹಟ ಹಿಡಿದು ಎಳೆಯುತ್ತದೆ, ಎಣ್ಣೆ ಕಡಿಮೆ ಕುಡಿಯುತ್ತದೆ, ದಿನವಿಡೀ ದುಡಿದರೂ ಬಿಸಿಯಾಗುವುದಿಲ್ಲ. ಪೆಟ್ರೋಲ್ ಗಾಡಿಗೆ ಬಲ ಬರಬೇಕಾದರೆ ಎಂಜಿನ್ನು ಕಿರುಚುವ ತನಕ ರೇಸ್ ಮಾಡಬೇಕು; ಏರಿನಲ್ಲಿ ಅರ್ಧ ಕ್ಲಚ್ಚಿನಲ್ಲಿ ನಿಲ್ಲಿಸಿದರೆ ಪ್ಲೇಟು ಸುಡುತ್ತದೆ, ಭಾರ ಕಟ್ಟಿದರೆ ಕುಡಿದದ್ದಕ್ಕೆ ಲೆಕ್ಕವಿರುವುದಿಲ್ಲ. ಅದಕ್ಕಿರುವ ಗುಣವೆಂದರೆ ಒಂದೇ ಕೀಗೆ ಶುರುವಾಗುವುದು, ಮತ್ತೆ ರೇಸ್ ಮಾಡದಿದ್ದಾಗ ಸದ್ದೇ ಇಲ್ಲದಿರುವುದು. ಮನೆ ಎಳೆಯುವವರಿಗೆ ಇದನ್ನು ಮಾರಿದರೆ ಆಮೇಲೆ ನನಗೆ ಶಾಪ ಹಾಕಬೇಡಿ ಎಂದೂ ಸೇರಿಸಿದ.

ನೋಡೇಬಿಡೋಣ ಎಂದು ಎರಡಕ್ಕೂ ಸರದಿಯಂತೆ ಹುಸೇನಸಾಬನ ಮನೆಯನ್ನೇ ಕಟ್ಟಿದೆವು. ಅವನ ಹೆಂಡತಿಗೆ ಮೇಲಿನ ಬಯಲಿಗೆ ಹೋಗುವ ಆಸೆ, ಅವನಿಗೆ ಗ್ಯಾರೇಜು ಬಿಟ್ಟು ಹೋಗುವ ಸಂಕಟ. ಹೀಗಾಗಿ ಮನೆ ಮಧ್ಯಮ ಭಾರ, ಪರೀಕ್ಷೆಗೆ ಹೇಳಿ ಮಾಡಿಸಿದಂತಿತ್ತು. ಡೀಸೆಲ್ಲು ಅದನ್ನು ಅಂಗಳದ ಈ ತುದಿಯಿಂದ ಆ ತುದಿಗೆ ನಿದ್ದೆಗಣ್ಣಿನಲ್ಲಿ ಎಳೆದುಕೊಂಡು ಹೋಯಿತು. ಪೆಟ್ರೋಲ್ ಗಾಡಿಯೂ ಎಳೆಯಿತು, ಆದರೆ ಕ್ಲಚ್ಚಿನ ವಾಸನೆ ಅಡುಗೆಮನೆಯ ತನಕ ಹೋಗಿ ಹುಸೇನಸಾಬನ ಹೆಂಡತಿ ಹಾಲು ತಳ ಹತ್ತಿತೆಂದು ಒಳಗೆ ಓಡಿದಳು. ಗುರುಬಸಪ್ಪ ನನ್ನ ಕಡೆ ನೋಡಿ, ಇನ್ನೇನು ಬೇಕು ಎನ್ನುವಂತೆ ಕೈ ಚೆಲ್ಲಿದ.

ಇನ್ನೊಂದು ಪರೀಕ್ಷೆ ಉಳಿದಿದೆ ಎಂದೆ. ಅವನನ್ನು ಹುಸೇನಸಾಬನ ಮನೆಯೊಳಗೆ ಕಳಿಸಿ ಬಾಗಿಲು ಹಾಕಿಸಿದೆ. ಡೀಸೆಲ್ ಗಾಡಿಯಲ್ಲಿ ಕೂತು ಕಂಬಿ ಬಿಗಿ ಮಾಡಿ, ಮನಸ್ಸಿಗೆ ಬಂದಂತೆ ಹೂಂ ಅನ್ನು, ಇಲ್ಲವೇ ಉಹೂಂ ಅನ್ನು, ಹತ್ತು ಸಲ ಎಂದು ಕೂಗಿ ಹೇಳಿದೆ. ಹುಸೇನಸಾಬ ನನ್ನ ಪಕ್ಕದ ಸೀಟಿನಲ್ಲಿ ಕೂತಿದ್ದ. ಅವನಿಗೆ ಹತ್ತೂ ಹೂಂ ಎಂದೇ ಕೇಳಿಸಿತು. ಆ ದಡದಡದಲ್ಲಿ ಉಹೂಂನ ಮೊದಲ ಅಕ್ಷರ ಕರಗಿ ಹೋಗುತ್ತಿತ್ತು. ನಾನು ಕೇಳಿಸಿದ್ದನ್ನು ಒಂದೊಂದಾಗಿ ಹೇಳುತ್ತ ಹೋದೆ. ಇಳಿದು ಬಂದ ಗುರುಬಸಪ್ಪ ಹುಸೇನಸಾಬನಿಂದ ನನ್ನ ಉತ್ತರಗಳನ್ನು ತಿಳಿದುಕೊಂಡು ಬೆರಳು ಮಡಚಿ ತಾಳೆ ನೋಡಿದ. ಹತ್ತಕ್ಕೆ ಹತ್ತೂ ಸರಿಯಾಗಿದ್ದವು.

ಅವನಿಗೆ ಮೊದಲು ಹೆಮ್ಮೆಯೇ ಆಯಿತು. ಹೆಂಡತಿಯ ಕಿವಿ ಎಂಥದ್ದು ನೋಡು ಎಂದು ಹುಸೇನಸಾಬನ ಬೆನ್ನು ತಟ್ಟಿದ. ಆಮೇಲೆ ಅವನ ಕೈ ಹಾಗೇ ನಿಂತಿತು. ನನ್ನ ಕಡೆ ತಿರುಗಿದ. ‘ನಿನಗ ಡೀಸೆಲ್ಲಿನಾಗೂ ಕೇಳಸ್ತೈತಿ’ ಎಂದ, ನಿಧಾನವಾಗಿ. ನಾನು ಕೊಂಡಿ ಬಿಚ್ಚತೊಡಗಿದೆ. ಹದಿನೆಂಟು ವರ್ಷ ಸಂಸಾರ ಮಾಡಿದವನು. ಅವನ ಮುಖದಿಂದ ನಗು ಇಳಿಯಿತು.

‘ಹಂಗಾರ ಪೆಟ್ರೋಲ್ ಯಾಕ?’ ಎಂದು ಕೇಳಿದ.

‘ಡೀಸೆಲ್ಲಿನಾಗ ನನಗೊಬ್ಬಾಕಿಗೆ ಕೇಳಸ್ತೈತಿ. ಬ್ಯಾರೆ ಯಾರಿಗೂ ಕೇಳಸೂದಿಲ್ಲ. ಅದಕ್ಕ’ ಎಂದೆ.

ಪೆಟ್ರೋಲ್ ಗಾಡಿಯ ಕೀ ನಾನೇ ತೆಗೆದುಕೊಂಡೆ. ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಗುರುಬಸಪ್ಪ, ನಿಜ ಹೇಳಿದರೆ ಊರು ಮುಂದೆ ಕೊಂಡಿ ಮುಟ್ಟಗೊಡುವುದಿಲ್ಲ, ಗೊತ್ತಲ್ಲ ಎಂದು ಕೇಳಿದ. ಗೊತ್ತು ಎಂದೆ. ಈ ಕೆಲಸ ಬಿಟ್ಟರೆ ನನಗೆ ಬೇರೆ ಕೆಲಸ ಬರುವುದಿಲ್ಲ, ಬೇರೆ ಕೆಲಸದ ಮೇಲೆ ಆಸೆಯೂ ಇಲ್ಲ. ಅದೂ ಗೊತ್ತಿತ್ತು. ಆದರೆ ನೀಲಗಂಗವ್ವ ಹೊಲಿದ ಕೌದಿಯನ್ನೇ ಹೊದ್ದು ಮಲಗುವ ಊರು ಅವಳನ್ನು ಸುಳ್ಳಿ ಎನ್ನುತ್ತಿತ್ತು, ಅದನ್ನು ಕೇಳಿಸಿಕೊಂಡು ನಾನು ಸುಮ್ಮನಿದ್ದೆ. ಎಂಟು ದಿನ ಸುಮ್ಮನಿದ್ದೆ. ಒಂಬತ್ತನೆಯ ದಿನವೂ ಸುಮ್ಮನಿರಲು ನನ್ನಿಂದ ಆಗುತ್ತಿರಲಿಲ್ಲ.

ಬುಧವಾರ ಬೆಳಿಗ್ಗೆ ಬಿಳಿಯ ಗಾಡಿಯಲ್ಲಿ ಗುರುಬಸಪ್ಪನನ್ನೂ ಕೂರಿಸಿಕೊಂಡು ಮೂರನೆಯ ತಿರುವಿಗೆ ಹೋದೆ. ಗುರುವಾರಕ್ಕೆ ಕಾಯದೆ ಜನ ಆಗಲೇ ಹಾರೆ, ಸುತ್ತಿಗೆ ಹಿಡಿದು ಬಂದಿದ್ದರು. ಕೆಳಗಿನ ನಲವತ್ತು ಮನೆಗಳೂ ಏರಿನ ಬುಡದಿಂದ ಎರಡನೆಯ ತಿರುವಿನವರೆಗೆ ಶಿವಲಿಂಗ ಎಳೆದು ತಂದಂತೆ ಒಂದರ ಹಿಂದೊಂದು ನಿಂತಿದ್ದವು, ಕಿಟಕಿ ಕಿಟಕಿಯಲ್ಲೂ ತಲೆಗಳಿದ್ದವು. ಬಯಲಿನ ನೆಲ ಬಾವಿಯ ಕಟ್ಟೆಯ ತನಕ ಮೆತ್ತಗಾಗಿದೆ ಎಂದು ಸುದ್ದಿ ಬಂದಿತ್ತು. ನನ್ನ ಗಾಡಿಯನ್ನು ನೋಡಿ ಶಿವಲಿಂಗ, ಹಾಲು ಹಾಕಲು ಬಂದೆಯೇನಕ್ಕ ಎಂದು ಚುಡಾಯಿಸಿದ. ನಾಲ್ಕು ಜನ ನಕ್ಕರು. ನಾನು ಕೊಂಡಿ ಹಾಕಿ, ರುದ್ರಗೌಡರ ಮುಂದೆ ಹೋಗಿ ನಿಂತೆ. ಮಾತು ಮೊದಲೇ ಜೋಡಿಸಿಟ್ಟುಕೊಂಡಿದ್ದೆ.

‘ಗೌಡ್ರ, ಆವತ್ತು ಆಕಿ ಉಹೂಂ ಅಂದಿದ್ಲು’ ಎಂದೆ. ‘ನನಗ ಕೇಳಿಸಿತ್ತು. ಕೇಳಿಸಿದ ಮ್ಯಾಲೂ ಎಳದೆ.’

ಹನ್ನೊಂದು ಮನೆಯ ಆಸೆಗೆ ಎಳೆದೆ ಎಂಬುದನ್ನೂ, ಗಾಡಿಯ ಸದ್ದಿನಲ್ಲಿ ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡದ್ದನ್ನೂ, ಆಮೇಲೆ ಸುಳ್ಳು ಹೇಳಿದ್ದನ್ನೂ ಹೇಳಿ ಮುಗಿಸಿದೆ. ಶಿವಲಿಂಗ ನೆಲ ನೋಡುತ್ತ ನಿಂತ. ಐದು ದಿನ ಆ ಬಾಗಿಲ ಮುಂದೆ ನಿಂತು ಬೈದವರಲ್ಲಿ ಅವನೂ ಒಬ್ಬ. ರುದ್ರಗೌಡರು, ಕಾಯಿದೆ ಏನೆಂದು ನಿನಗೇ ಗೊತ್ತು, ಗಾಡಿ ಶಿವಲಿಂಗನಿಗೆ ಕೊಟ್ಟು ಕೆಳಗಿಳಿ ಎಂದರು. ನಾನು ಕೀ ತೆಗೆಯಲು ಹೊರಟೆ. ಆಗ ಮುಚ್ಚಿದ ಬಾಗಿಲ ಹಿಂದಿನಿಂದ, ಎಂಟು ದಿನಗಳ ನಂತರ, ನೀಲಗಂಗವ್ವನ ದನಿ ಬಂತು.

‘ಆಕೀನ ಎಳೀಲಿ.’

ಗೌಡರು ಅರೆಮನಸ್ಸಿನಿಂದ ತಲೆ ಆಡಿಸಿದರು. ನಾನು ಹೋಗಿ ಕೂತೆ. ಮೊದಲ ಗೇರು, ಅರ್ಧ ಕ್ಲಚ್ಚು, ಕಂಬಿ ಬಿಗಿಯಾಯಿತು. ಪೆಟ್ರೋಲ್ ಎಂಜಿನ್ನು ಬೆಕ್ಕಿನ ಹಾಗೆ ಗುರುಗುಟ್ಟುತ್ತಿತ್ತು, ಹಿಂದಿನ ಮನೆಯಲ್ಲಿ ಯಾರೋ ಕೆಮ್ಮಿದ್ದೂ ಕೇಳಿಸುತ್ತಿತ್ತು. ತಲೆ ಹೊರಗೆ ಹಾಕಿ, ‘ಬರ್ತೀರೇನ್ರೀ?’ ಎಂದು ಕೇಳಿದೆ. ಕೂಗಬೇಕಾದ ಅಗತ್ಯವೇ ಇರಲಿಲ್ಲ.

‘ಉಹೂಂ’ ಎಂದಳು ನೀಲಗಂಗವ್ವ.

ಇಡೀ ಏರಿಗೆ ಕೇಳಿಸಿತು. ಹಾರೆ ಹಿಡಿದವರು ಒಬ್ಬರನ್ನೊಬ್ಬರು ನೋಡಿಕೊಂಡರು. ಎಳಿ ಎಳಿ, ನೆಲ ಹೋಗುತ್ತಿದೆ ಎಂದು ಕೆಳಗಿನಿಂದ ಯಾರೋ ಕೂಗಿದರು. ಗೌಡರ ಕೈ ಕೂಡ ಸಣ್ಣಗೆ ಮುಂದಕ್ಕೆ ಬೀಸಿದ್ದನ್ನು ನಾನು ಕನ್ನಡಿಯಲ್ಲಿ ಕಂಡೆ. ಗುರುಬಸಪ್ಪನಿಗೆ ಗಾಲಿಗಳ ಹಿಂದೆ ಅಡ್ಡಗಲ್ಲು ಕೊಡಲು ಹೇಳಿ ಎಂಜಿನ್ ಆರಿಸಿದೆ. ಏರಿನಲ್ಲಿ ಕಂಬಿ ಬಿಗಿದ ಮೇಲೆ ಎಂಜಿನ್ ಆರಿಸಿದವರನ್ನು ನಮ್ಮೂರು ಕಂಡಿರಲಿಲ್ಲ. ಇಳಿದು ಹೋಗಿ ಬಾಗಿಲ ಮುಂದೆ ನಿಂತು, ಹನ್ನೆರಡು ವರ್ಷದಲ್ಲಿ ಯಾವ ಮನೆಯ ಮುಂದೆಯೂ ಕೇಳದ ಮಾತನ್ನು ಕೇಳಿದೆ.

‘ಯಾಕ್ರೀ?’

ಚಿಲಕ ಸರಿಯಿತು. ನೀಲಗಂಗವ್ವ ಹೊಸ್ತಿಲಲ್ಲಿ ನಿಂತಳು, ಕೈಯಲ್ಲಿ ದಾರ ಪೋಣಿಸಿದ ಸೂಜಿ ಹಾಗೇ ಇತ್ತು. ‘ಆವತ್ತು ಕೇಳಿದ್ರ ಹೇಳ್ತಿದ್ದೆ’ ಎಂದಳು. ‘ಕೋಳಿ ಕಾವಿಗೆ ಕುಂತಿತ್ತು. ಎರಡು ದಿನ ತಡದಿದ್ರ ಮರಿ ಆಗ್ತಿದ್ವು. ಹದಿಮೂರು ತತ್ತಿ. ಈ ತಿರುವಿನಾಗ ಎಲ್ಲಾ ಒಡದ್ವು.’ ಆ ದಿನ ಅವಳ ಸೆರಗಿನೊಳಗೆ ಏನಿತ್ತೆಂಬುದು ನನಗೆ ಆಗ ಹೊಳೆಯಿತು. ಎರಡು ದಿನ. ನಾನು ಮರುದಿನವಲ್ಲ, ಅದರ ಮರುದಿನ ಬಂದಿದ್ದರೆ ಸಾಕಿತ್ತು. ನನಗೆ ಅಳು ಬಂತು, ಎಲ್ಲರೆದುರು ಅತ್ತೆ, ಅದಕ್ಕೆ ನಾಚಿಕೆಯೇನೂ ಇಲ್ಲ.

ಕಣ್ಣು ಒರೆಸಿಕೊಂಡು, ಈಗ ಉಹೂಂ ಅಂದದ್ದು ಯಾಕೆ, ಈಗಲೂ ಏನಾದರೂ ಇದೆಯೇ, ಇದ್ದರೆ ಕಾಯುತ್ತೇನೆ ಎಂದೆ.

‘ಈಗೇನಿಲ್ಲ’ ಎಂದಳು. ‘ನಿಲ್ಲಸ್ತೀಯೋ ಇಲ್ಲೋ ನೋಡ್ಬೇಕಿತ್ತು.’

ಬಾಗಿಲು ಹಾಕಿಕೊಂಡಳು. ನಾನು ಮತ್ತೆ ಹೋಗಿ ಕೂತು, ಎಂಜಿನ್ ಶುರು ಮಾಡಿ, ಕಂಬಿ ಬಿಗಿ ಮಾಡಿ ಕೇಳಿದೆ. ಈ ಸಲ ಹೂಂ ಎಂದಳು, ಬೇಸರದಲ್ಲೇ ಎಂದಳು. ಮನೆ ಹತ್ತಿಯಷ್ಟು ಹಗುರಾಯಿತು ಎಂದು ಹೇಳಿದರೆ ಕೇಳಲು ಚೆನ್ನಾಗಿರುತ್ತದೆ, ಆದರೆ ಹಾಗಾಗಲಿಲ್ಲ. ಅದು ಭಾರವಾಗಿಯೇ ಇತ್ತು, ಎಳೆದರೆ ಬರುವಷ್ಟು ಮಾತ್ರ ಭಾರ. ಬಿಳಿಯ ಗಾಡಿ ಕಿರುಚಿತು, ಕ್ಲಚ್ಚು ಸುಟ್ಟಿತು, ನಾಲ್ಕನೆಯ ತಿರುವಿನಲ್ಲಿ ರೇಡಿಯೇಟರ್ ಕುದಿಯಿತು. ಹತ್ತು ಹೆಜ್ಜೆಗೊಮ್ಮೆ ಗುರುಬಸಪ್ಪ ಗಾಲಿಗೆ ಕಲ್ಲು ಕೊಡುತ್ತಿದ್ದ, ಶಿವಲಿಂಗ ತನ್ನ ಮನೆಯ ಕೊಡಗಳಲ್ಲಿ ನೀರು ಹೊತ್ತು ತಂದು ಸುರಿಯುತ್ತಿದ್ದ. ನಾನು ಹಲ್ಲು ಕಚ್ಚಿ ಸ್ಟೇರಿಂಗ್ ಹಿಡಿದಿದ್ದೆ. ಬಿಡುವ ಮಾತೇ ಇರಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ನೀಲಗಂಗವ್ವನ ಮನೆ ಮೇಲಿನ ಬಯಲಿನಲ್ಲಿ ನಿಂತಿತ್ತು. ನಾನೇ ಕೊಂಡಿ ಬಿಚ್ಚಿ ರುದ್ರಗೌಡರ ಕೈಗಿಟ್ಟೆ. ಅವರು ತೆಗೆದುಕೊಂಡರು. ತೆಗೆದುಕೊಳ್ಳಬೇಕಾದದ್ದೇ ಸರಿ.

ಉಳಿದ ನಲವತ್ತು ಮನೆಗಳನ್ನು ಶಿವಲಿಂಗನೂ ಗುರುಬಸಪ್ಪನೂ ನೆಲ ಪೂರ್ತಿ ಮೆತ್ತಗಾಗುವ ಮೊದಲೇ ಹತ್ತಿಸಿದರು. ಗುರುಬಸಪ್ಪ ಈಗಲೂ ಅದೇ ಬಿಳಿಯ ಗಾಡಿ ಓಡಿಸುತ್ತಾನೆ, ಬಂಕಿನಲ್ಲಿ ಪೆಟ್ರೋಲ್ ಹಾಕಿಸುವಾಗಲೆಲ್ಲ ನನ್ನ ಹೆಸರು ಹಿಡಿದು ಗೊಣಗುತ್ತಾನೆ. ನಾನು ಅದರ ಕ್ಲಚ್ ಪ್ಲೇಟು ಬದಲಿಸಿ, ಎಣ್ಣೆ ನೋಡಿ, ಅವನ ಕೈಗೆ ಕೊಟ್ಟು ಹಿಂದೆ ಸರಿಯುತ್ತೇನೆ. ಏರಿನ ಕಡೆ ನೋಡುವುದಕ್ಕೆ ನನಗೆ ಇನ್ನೂ ಕಷ್ಟ.

ನೀಲಗಂಗವ್ವ ನನ್ನನ್ನು ಕ್ಷಮಿಸಿದ್ದಾಳೆಂದು ನಾನು ಹೇಳುವುದಿಲ್ಲ. ಎದುರು ಸಿಕ್ಕಾಗ ಚಹಾ ಆಯಿತೇನು ಎಂದು ಕೇಳುತ್ತಾಳೆ, ಅದಕ್ಕಿಂತ ಹೆಚ್ಚು ಮಾತಾಡುವುದಿಲ್ಲ. ಕ್ಷಮಿಸಿದಿರಾ ಎಂದು ನಾನೂ ಈವರೆಗೆ ಕೇಳಿಲ್ಲ. ಕೇಳಿದರೆ ಒಂದು ಉತ್ತರ ಬರುತ್ತದೆ, ಬಂದ ಉತ್ತರವನ್ನು ಬಂದ ಹಾಗೇ ಕೇಳಿಸಿಕೊಂಡು ಅದರ ಜೊತೆ ಮನೆಗೆ ವಾಪಸು ಬರಬೇಕಾಗುತ್ತದೆ. ಇಷ್ಟು ತಿಂಗಳು ಅದಕ್ಕೆ ಧೈರ್ಯ ಸಾಲದೆ ಹೋಯಿತು. ಇಷ್ಟನ್ನು ಹೇಳಿ ಮುಗಿಸಿದ ಮೇಲೆ ಈಗ ಸಾಲುತ್ತದೆ. ಬರುವ ಸೋಮವಾರ ಬೆಳಿಗ್ಗೆ ಹೋಗುವವಳಿದ್ದೇನೆ.